ಯುದ್ಧದ ಹಿಂಸೆಗೆ ಸಿಕ್ಕ ಹೆಣ್ಣುಮಕ್ಕಳಿಗೆ ಯಾವ ಮನೋಚಿಕಿತ್ಸೆ? ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

ನಿರಾಶ್ರಿತರ ಶಿಬಿರಗಳಿಗೆ, ಯುದ್ಧ ಕಂಡ ಊರುಗಳಿಗೆ ಕೆಲಸಕ್ಕೆ ಹೊರಡುವ ನರ್ಸ್‌ಗಳು, ಆಪ್ತಸಮಾಲೋಚಕರು, ಸಮಾಜಕಾರ್ಯ ಓದಿದವರು ತರಬೇತಿಯಲ್ಲಿ ಒಂದಷ್ಟು ಹೆಸರುಗಳನ್ನು ಕೇಳಿಸಿಕೊಂಡು ಬರುತ್ತಾರೆ: ಸಿಪಿಟಿ, ನೆಟ್, ಇಎಂಡಿಆರ್, ಐಪಿಟಿ, ಪಿಎಂ ಪ್ಲಸ್. ಒಂದೊಂದೂ ಒಂದು ಮನೋಚಿಕಿತ್ಸೆಯ ಹೆಸರು, ಏನೆಂದು ಮುಂದೆ ಬಿಡಿಸುತ್ತೇನೆ. ಒಂದೊಂದರ ಬೆನ್ನಿಗೂ ಅದೇ ಮೇಲು ಎನ್ನುವ ತಜ್ಞರಿದ್ದಾರೆ. ಆದರೆ ಅತ್ಯಾಚಾರಕ್ಕೆ ಒಳಗಾದವಳು, ಕಣ್ಣೆದುರೇ ಮನೆಯವರನ್ನು ಕಳೆದುಕೊಂಡವಳು, ಸೆರೆಯಿಂದ ತಪ್ಪಿಸಿಕೊಂಡು ಬಂದವಳು ಎದುರಿಗೆ ಬಂದು ಕೂತಾಗ ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂಬ ಗೊಂದಲ ಹಾಗೇ ಉಳಿಯುತ್ತದೆ. ಸಣ್ಣ ಸಂಸ್ಥೆ ನಡೆಸುವವರಿಗೆ ಇದೇ ಗೊಂದಲ ಇನ್ನೊಂದು ರೂಪದಲ್ಲಿ ಬರುತ್ತದೆ: ಇರುವಷ್ಟು ಹಣದಲ್ಲಿ ಯಾವ ಪದ್ಧತಿಯ ತರಬೇತಿ ಕೊಡಿಸುವುದು?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪದ್ಧತಿ ಯಾವುದು ಎಂಬುದು ಮೂರನೆಯ ಪ್ರಶ್ನೆ. ಆ ಹೆಣ್ಣುಮಗಳ ಪರಿಸ್ಥಿತಿ ಏನು ಎಂಬುದು ಮೊದಲನೆಯದು. ಚಿಕಿತ್ಸೆ ಕೊಡುವವರು ಯಾರು, ಅವರನ್ನು ವಾರವಾರ ಕೂರಿಸಿಕೊಂಡು ತಿದ್ದುವವರು ಯಾರು ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕರೆ ಮೂರನೆಯದು ಬಹುಪಾಲು ತಾನೇ ಬಗೆಹರಿಯುತ್ತದೆ.

ಚಿಕಿತ್ಸೆಗೂ ಮೊದಲು

ದಾಳಿ ನಡೆದು ಕೆಲವೇ ದಿನಗಳಾಗಿದ್ದರೆ ಇಲ್ಲಿ ಹೋಲಿಸುತ್ತಿರುವ ಯಾವ ಮನೋಚಿಕಿತ್ಸೆಯೂ ಮೊದಲ ಕೆಲಸವಲ್ಲ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ತುರ್ತು ಗರ್ಭನಿರೋಧಕ ಐದು ದಿನದೊಳಗೆ ಸಿಗಬೇಕು, ಅದೂ ಬೇಗ ಸಿಕ್ಕಷ್ಟು ಒಳ್ಳೆಯದು. ಗಾಯಕ್ಕೆ ಆರೈಕೆ, ಮಲಗಲು ಸುರಕ್ಷಿತ ಜಾಗ, ಕಳೆದುಹೋದ ಮಕ್ಕಳ ಸುದ್ದಿ ಇವೂ ಆಗಲೇ ಬೇಕು. ಕಾಂಗೋದ ಬುಕಾವುನಲ್ಲಿ ವೈದ್ಯ ಡೆನಿಸ್ ಮುಕ್ವೆಗೆ ಅವರು 1999ರಲ್ಲಿ ಕಟ್ಟಿದ ಪಾಂಜಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಮನಸ್ಸಿನ ಆರೈಕೆ, ಕಾನೂನಿನ ನೆರವು, ದುಡಿಮೆಯ ದಾರಿ ಎಲ್ಲ ಜೊತೆಜೊತೆಗೆ ಸಾಗುತ್ತವೆ. ಮೂತ್ರ ಸೋರುವ ಗಾಯ ಹೊತ್ತು ಬಂದವಳನ್ನು ಕೂರಿಸಿಕೊಂಡು ಮೊದಲು ನೆನಪುಗಳ ಮಾತಾಡುವುದು ಅನ್ಯಾಯ.

ಆ ಮೊದಲ ವಾರಗಳಲ್ಲಿ ಎರಡು ಕೆಲಸ ಮಾಡಲೇಬಾರದು. ಒಂದು, ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ಸಲಕ್ಕೆ ನಡೆದದ್ದನ್ನೆಲ್ಲ ಹೇಳಿಸುವುದು. ಹಿಂದೆ ಇದು ಬಹಳ ಚಾಲ್ತಿಯಲ್ಲಿತ್ತು. ಇದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲವೆಂದು ಈಗ ಗೊತ್ತಾಗಿದೆ, ವಿಶ್ವ ಆರೋಗ್ಯ ಸಂಸ್ಥೆಯೂ ಬೇಡವೆನ್ನುತ್ತದೆ. ಇನ್ನೊಂದು, ನಿದ್ದೆ ಬರುತ್ತಿಲ್ಲವೆಂದ ಕೂಡಲೇ ಡಯಾಜೆಪಾಮ್ ಜಾತಿಯ ಮಾತ್ರೆ ಬರೆದುಕೊಡುವುದು. ಆಘಾತದ ಮೊದಲ ತಿಂಗಳಲ್ಲಿ ಅದು ಬೇಡವೆಂಬುದು ಅದೇ ಸಂಸ್ಥೆಯ 2013ರ ಮಾರ್ಗಸೂಚಿಯಲ್ಲೇ ಇದೆ. ಪಕ್ಕದಲ್ಲಿ ಕೂತು, ಹೇಳಿದಷ್ಟನ್ನು ಕೇಳಿ, ಬೇಕಾದ್ದು ಒದಗಿಸಿ, ಮನೆಯವರ ಜೊತೆ ಸೇರಿಸುವುದೇ ಆಗಿನ ಆರೈಕೆ.

ಇನ್ನೊಂದು ಮಾತು. ಯುದ್ಧ ಕಂಡವರೆಲ್ಲ ರೋಗಿಗಳಲ್ಲ. ಸಂಘರ್ಷಪೀಡಿತ ಪ್ರದೇಶಗಳಲ್ಲಿ ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಗೆ, ಅಂದರೆ ಶೇ. 22ರಷ್ಟು ಜನಕ್ಕೆ, ಖಿನ್ನತೆ, ಆತಂಕ, ಪಿಟಿಎಸ್‌ಡಿಯಂಥ (ಆಘಾತದ ನೆನಪು, ಭಯ ಬಿಡದೆ ಕಾಡುವ ಕಾಯಿಲೆ) ಯಾವುದಾದರೂ ಮಾನಸಿಕ ಕಾಯಿಲೆ ಇರುತ್ತದೆ ಎಂಬುದು 2019ರಲ್ಲಿ ಪ್ರಕಟವಾದ ಅಂದಾಜು. ಅದು ದೊಡ್ಡ ಸಂಖ್ಯೆಯೇ. ಆದರೂ ಉಳಿದವರಿಗೆ ಬೇಕಿರುವುದು ಚಿಕಿತ್ಸೆಯಲ್ಲ, ಬದುಕು ಮತ್ತೆ ಕಟ್ಟಿಕೊಳ್ಳಲು ಆಸರೆ.

ಯಾವುದರಿಂದ ಅಳೆಯುವುದು

ಅಪಾಯ ಮುಗಿದಿದೆಯೇ ಎಂದು ಮೊದಲು ಕೇಳಿಕೊಳ್ಳಿ. ಶಿಬಿರದ ಶೌಚಾಲಯಕ್ಕೆ ಹೋಗುವ ದಾರಿಯಲ್ಲೇ ಇನ್ನೂ ಹೆದರಿಕೆ ಇದೆಯೇ? ಮನೆಯೊಳಗೆ ಗಂಡ ಹೊಡೆಯುತ್ತಿದ್ದಾನೆಯೇ? ಯುದ್ಧದ ಆಘಾತವೆಂದು ನಾವು ಗುರುತಿಸಿಕೊಂಡದ್ದರ ಅರ್ಧಪಾಲು ನಿನ್ನೆ ರಾತ್ರಿ ನಡೆದದ್ದೂ ಆಗಿರಬಹುದು. ಹಾಗಿದ್ದರೆ ಅವಳ ಎಚ್ಚರ ಕಾಯಿಲೆಯಲ್ಲ, ಅವಳನ್ನು ಕಾಯುತ್ತಿರುವ ಗುಣ.

ಆಮೇಲೆ ಕೇಳಬೇಕಾದ್ದು, ನೋವು ಯಾವ ಬಗೆಯದು ಎಂದು. ಸದ್ದಾದರೆ ಬೆಚ್ಚಿಬೀಳುವುದು, ಕನಸು, ಕಣ್ಣಮುಂದೆ ಮತ್ತೆ ಮತ್ತೆ ಬರುವ ದೃಶ್ಯ ಇವು ಭಯದ ಕಡೆಯವು. "ನನ್ನದೇ ತಪ್ಪು", "ನಾನು ಹೊಲಸಾದೆ" ಎನ್ನುವುದು ನಾಚಿಕೆಯ, ಅಪರಾಧಿ ಭಾವದ ಕಡೆಯದು. ಸತ್ತವರ ನೆನಪಲ್ಲಿ ಏಳಲಾಗದೆ ಮಲಗಿರುವುದು ದುಃಖ. ಗಂಡನ ಮನೆಯವರು ಹೊರಹಾಕಿದ್ದು, ಅತ್ಯಾಚಾರದಿಂದ ಹುಟ್ಟಿದ ಮಗುವನ್ನು ಯಾರೂ ಮುಟ್ಟದಿರುವುದು ಸಂಬಂಧ ಕಡಿದ ನೋವು. ಒಬ್ಬಳಲ್ಲೇ ಇವೆಲ್ಲ ಇರಬಹುದು, ಆದರೆ ಯಾವುದು ಮುಂದಿದೆ ಎಂಬುದರ ಮೇಲೆ ಆಯ್ಕೆ ಬದಲಾಗುತ್ತದೆ. ನಡೆದದ್ದು ಒಂದು ಘಟನೆಯೋ, ವರ್ಷಗಟ್ಟಲೆಯ ಸರಮಾಲೆಯೋ ಎಂಬುದೂ ಅಷ್ಟೇ ಮುಖ್ಯ.

ಮೂರನೆಯದು ಗುಟ್ಟು. ಅವಳಿಗೆ ಏನಾಯಿತೆಂದು ಯಾರಿಗೆ ಗೊತ್ತು? ಗೊತ್ತಾದರೆ ಏನಾದೀತು? ಗುಂಪು ಚಿಕಿತ್ಸೆಯನ್ನೋ ಒಬ್ಬೊಬ್ಬರದ್ದನ್ನೋ ಆರಿಸುವಾಗ ಖರ್ಚಿನ ಲೆಕ್ಕಕ್ಕಿಂತ ಮೊದಲು ನೋಡಬೇಕಾದ್ದು ಇದನ್ನು. ಆಮೇಲೆ ಬರುವವು ದಿನನಿತ್ಯದ ಲೆಕ್ಕಗಳು: ನೀರು, ಸೌದೆ, ಮಕ್ಕಳನ್ನೆಲ್ಲ ಬಿಟ್ಟು ಎಷ್ಟು ವಾರ ಬರಬಲ್ಲಳು, ಓದುಬರಹ ಬರುತ್ತದೆಯೇ, ಅವಳ ಭಾಷೆ ಬಲ್ಲವರಿದ್ದಾರೆಯೇ. ದುಭಾಷಿ ಬೇಕಾದರೆ ಹೆಂಗಸನ್ನೇ ಹುಡುಕಿ, ತರಬೇತಿ ಕೊಡಿ. ಮನೆಯವರನ್ನು, ಅದರಲ್ಲೂ ಮಕ್ಕಳನ್ನು, ದುಭಾಷಿಯಾಗಿ ಕೂರಿಸಬೇಡಿ.

ಸಿಪಿಟಿ: ನಾಚಿಕೆ, ಅಪರಾಧಿ ಭಾವ ಮುಂದಿದ್ದಾಗ

ಸಿಪಿಟಿಯನ್ನು (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ) ಅಮೆರಿಕದ ಮನೋವಿಜ್ಞಾನಿ ಪೆಟ್ರಿಷಿಯಾ ರೆಸಿಕ್ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗಾಗಿಯೇ ರೂಪಿಸಿದರು. ಸಾಮಾನ್ಯವಾಗಿ 12 ಭೇಟಿ. ಘಟನೆಯಿಂದ ಮನಸ್ಸಿನಲ್ಲಿ ಕಚ್ಚಿಕೊಂಡ ಯೋಚನೆಯನ್ನು ಹಿಡಿದು ಪರೀಕ್ಷಿಸುವುದು ಇದರ ತಿರುಳು. "ಅವತ್ತು ನಾನು ಹೊಲಕ್ಕೆ ಹೋಗದಿದ್ದರೆ ಆಗುತ್ತಿರಲಿಲ್ಲ" ಎನ್ನುವವಳ ಹತ್ತಿರ "ನಿನ್ನ ತಪ್ಪಿಲ್ಲ" ಎಂದು ನೂರು ಸಲ ಹೇಳಿದರೂ ಇಳಿಯುವುದಿಲ್ಲ. ಹೊಲಕ್ಕೆ ಯಾಕೆ ಹೋದೆ, ಹೋಗದಿದ್ದರೆ ಮಕ್ಕಳಿಗೆ ಏನು ಇಡುತ್ತಿದ್ದೆ, ಬಂದೂಕು ಯಾರ ಕೈಯಲ್ಲಿತ್ತು ಎಂದು ಅವಳೇ ಒಂದೊಂದಾಗಿ ಕೇಳಿಕೊಳ್ಳುವ ಹಾಗೆ ಮಾಡಿದಾಗ ಆ ಯೋಚನೆ ಸಡಿಲವಾಗುತ್ತದೆ.

ಯುದ್ಧಪೀಡಿತ ಹೆಣ್ಣುಮಕ್ಕಳ ವಿಷಯದಲ್ಲಿ ಇದಕ್ಕಿರುವ ಗಟ್ಟಿ ಆಧಾರ ಪೂರ್ವ ಕಾಂಗೋದಿಂದ ಬಂದದ್ದು. ಸಂಶೋಧಕಿ ಜೂಡಿತ್ ಬಾಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ಕ್ಷೇತ್ರಕ್ಕೆ ಇಳಿಯುವವರು ವಿವರವಾಗಿ ತಿಳಿದಿರಬೇಕು. ಲೈಂಗಿಕ ಹಿಂಸೆಗೆ ಒಳಗಾದ ಹೆಂಗಸರು. ಏಳು ಹಳ್ಳಿಗಳ 157 ಮಂದಿಗೆ ಗುಂಪಿನಲ್ಲಿ ಸಿಪಿಟಿ, ಎಂಟು ಹಳ್ಳಿಗಳ 248 ಮಂದಿಗೆ ಒಬ್ಬೊಬ್ಬರಾಗಿ ಬಂದು ಮಾತಾಡುವ ಆಸರೆ. ಸಿಪಿಟಿಯವರಿಗೆ ಮೊದಲು ಒಂದು ಖಾಸಗಿ ಭೇಟಿ, ಆಮೇಲೆ ಆರೆಂಟು ಹೆಂಗಸರ ಗುಂಪಿನಲ್ಲಿ 11 ಭೇಟಿ. ನಡೆದದ್ದನ್ನು ವಿವರವಾಗಿ ಹೇಳಿಸುವ ಭಾಗವನ್ನು ಕೈಬಿಟ್ಟು ಯೋಚನೆಗಳ ಮೇಲಷ್ಟೇ ಕೆಲಸ ಮಾಡಿದರು. ಬಹಳ ಮಂದಿಗೆ ಅಕ್ಷರ ಬಾರದ್ದರಿಂದ ಬರೆಯುವ ಹಾಳೆಗಳ ಬದಲು ಬಾಯಿಪಾಠ. ನಡೆಸಿಕೊಟ್ಟವರು ಮನೋವೈದ್ಯರಲ್ಲ, ಅಲ್ಲಿಯದೇ ಸಮುದಾಯದ ಸಹಾಯಕಿಯರು. ಆರು ತಿಂಗಳ ನಂತರ ಖಿನ್ನತೆ ಅಥವಾ ಆತಂಕದ ಲಕ್ಷಣಗಳು ಕಾಯಿಲೆಯ ಮಟ್ಟದಲ್ಲಿ ಉಳಿದಿದ್ದವರು ಸಿಪಿಟಿ ಗುಂಪಿನಲ್ಲಿ ಶೇ. 9, ಇನ್ನೊಂದು ಕಡೆ ಶೇ. 42. ಪಿಟಿಎಸ್‌ಡಿಯಲ್ಲೂ ಹೆಚ್ಚುಕಡಿಮೆ ಇದೇ ಅಂತರ.

ಇಷ್ಟು ಓದಿ ಸಿಪಿಟಿಯೇ ಸರಿ ಎಂದು ಹೊರಡುವ ಮುನ್ನ ಎರಡು ವಿವರ ಗಮನಿಸಿ. ಚಿಕಿತ್ಸೆಗೆ ಮೊದಲು, ಮುಗಿದ ಮೇಲೆ, ಆರು ತಿಂಗಳ ನಂತರ ಹೀಗೆ ಮೂರೂ ಸಲದ ಪರೀಕ್ಷೆಗೆ ಸಿಕ್ಕವರು ಸಿಪಿಟಿ ಕಡೆ ಶೇ. 65, ಆಸರೆಯ ಕಡೆ ಶೇ. 52. ಅಂದರೆ ಬಿಟ್ಟುಹೋದವರೂ ಬಹಳ, ಅವರ ಕಥೆ ಈ ಅಂಕಿಗಳಲ್ಲಿ ಪೂರ್ತಿ ಇಲ್ಲ. ಇನ್ನೊಂದು, ಪ್ರಯೋಗಕ್ಕೆ ಮೊದಲು ಆರಿಸಿದ್ದು ಹದಿನಾರು ಹಳ್ಳಿ. ಒಂದನ್ನು ಕೈಬಿಟ್ಟ ಕಾರಣ, ಅಲ್ಲಿನ ಸಹಾಯಕಿಯ ಸಾಮರ್ಥ್ಯದ ಬಗ್ಗೆ ಎದ್ದ ಅನುಮಾನ. ಇಡೀ ವರದಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಾಲು ಅದು. ಪದ್ಧತಿ ಅದೇ, ಪುಸ್ತಕ ಅದೇ, ಆದರೂ ಕೊಡುವವರು ತಯಾರಿಲ್ಲವೆಂದು ಕಂಡಾಗ ನಿಲ್ಲಿಸುವ ವ್ಯವಸ್ಥೆ ಅವರಲ್ಲಿತ್ತು. ನಿಮ್ಮಲ್ಲಿ ಆ ವ್ಯವಸ್ಥೆ ಇದೆಯೇ?

ಸಿಪಿಟಿಯ ತೊಂದರೆ ಗುಂಪಿನಲ್ಲೇ ಇದೆ. ಗುಂಪು ಸೇರುವ ಗುಡಿಸಲಿಗೆ ಯಾರು ಹೋಗುತ್ತಾರೆಂದು ಊರಿಗೆ ತಿಳಿದರೆ ಅವರಿಗೆ ಏನಾಗಿತ್ತೆಂದೂ ತಿಳಿದಂತೆ. ಹಾಗಾಗಿ ಗುಂಪಿಗೆ ಹೊಲಿಗೆ, ಅಕ್ಷರ ಕಲಿಕೆ, ಆರೋಗ್ಯದ ಮಾತು ಹೀಗೆ ಬೇರೆ ಹೆಸರಿರುವ ಕೇಂದ್ರದೊಳಗೆ ಜಾಗ ಮಾಡಿಕೊಡುವುದು ಮೇಲು. ಹನ್ನೆರಡು ವಾರ ಒಂದೇ ಕಡೆ ನೆಲೆ ನಿಲ್ಲುವ ಭರವಸೆ ಇಲ್ಲದ ಕಡೆ ಇದನ್ನು ಶುರು ಮಾಡುವುದು ಕಷ್ಟ.

ನೆಟ್: ಒಂದಲ್ಲ, ಬದುಕಿನುದ್ದಕ್ಕೂ ಹಿಂಸೆ ಕಂಡವರಿಗೆ

ನಿರೂಪಣೆಯ ಮೂಲಕ ನೆನಪನ್ನು ಎದುರಿಸುವ ಈ ಚಿಕಿತ್ಸೆಯನ್ನು (ನೆರೇಟಿವ್ ಎಕ್ಸ್‌ಪೋಷರ್ ಥೆರಪಿ) ಜರ್ಮನಿಯ ಕಾನ್‌ಸ್ಟಾಂಜ್ ವಿಶ್ವವಿದ್ಯಾಲಯದ ಮ್ಯಾಗಿ ಶಾವರ್, ಫ್ರಾಂಕ್ ನಾಯ್ನರ್, ಥಾಮಸ್ ಎಲ್ಬರ್ಟ್ ನಿರಾಶ್ರಿತರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದರು. ಶುರುವಿಗೆ ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಅದು ಹುಟ್ಟಿನಿಂದ ಇವತ್ತಿನವರೆಗಿನ ಬದುಕು. ಒಳ್ಳೆಯ ಗಳಿಗೆಗಳಿಗೆ ಹೂವು, ಕೆಟ್ಟವಕ್ಕೆ ಕಲ್ಲು. ಆಮೇಲೆ ಒಂದೊಂದು ಭೇಟಿಯಲ್ಲಿ ಕಾಲದ ಸರದಿಯಂತೆ ಕಥೆ ಹೇಳುತ್ತ, ಕಲ್ಲು ಬಂದ ಕಡೆ ನಿಧಾನಿಸಿ, ಆಗ ಏನು ಕಂಡಿತು, ಮೈಗೆ ಏನಾಯಿತು, ಏನು ಯೋಚನೆ ಬಂತು ಎಂದು ಬಿಡಿಸುತ್ತಾರೆ. ಕೇಳುವವರು ಬರೆದುಕೊಂಡು ಮುಂದಿನ ಸಲ ಓದಿ ಹೇಳುತ್ತಾರೆ, ಅವಳು ತಿದ್ದುತ್ತಾಳೆ. ಕೊನೆಗೆ ಇಡೀ ಬದುಕಿನ ಬರಹ ಅವಳ ಕೈಸೇರುತ್ತದೆ.

ಚಿಕ್ಕಂದಿನಲ್ಲೇ ಅಪಹರಣ, ಆಮೇಲೆ ಬಲವಂತದ ಮದುವೆ, ಆಮೇಲೆ ಓಡಿಬಂದ ದಾರಿಯಲ್ಲಿ ಮತ್ತೊಂದು ದಾಳಿ: ಹೀಗೆ ಇದ್ದಾಗ "ಅತಿ ಕೆಟ್ಟ ಘಟನೆ ಯಾವುದು, ಅದರಿಂದ ಶುರು ಮಾಡೋಣ" ಎನ್ನುವ ಚಿಕಿತ್ಸೆಗಳು ತಡವರಿಸುತ್ತವೆ. ನೆಟ್‌ಗೆ ಆ ಆಯ್ಕೆಯೇ ಬೇಕಿಲ್ಲ. ಹೂವುಗಳಿಗೂ ಅದರಲ್ಲಿ ಜಾಗವಿದೆ ಎಂಬುದು ನನಗೆ ಬಹಳ ಮೆಚ್ಚುಗೆಯ ವಿಷಯ. ಅಜ್ಜಿಯ ಮನೆ, ಸುಗ್ಗಿ, ಮೊದಲ ಮಗು ಇವೆಲ್ಲ ಹಿಂಸೆಯಷ್ಟೇ ನಿಜವಾಗಿದ್ದವೆಂದು ಅವಳ ಬಾಯಲ್ಲೇ ಬರುತ್ತದೆ.

ಉಗಾಂಡಾದ ಇಂವೇಪಿ ಶಿಬಿರದಲ್ಲಿ ಸುಡಾನಿನ 43 ನಿರಾಶ್ರಿತರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕೇ ಭೇಟಿ. ಒಂದು ವರ್ಷದ ನಂತರವೂ ಪಿಟಿಎಸ್‌ಡಿ ಉಳಿದವರು ನೆಟ್‌ನಲ್ಲಿ ಶೇ. 29, ಬರಿಯ ಸಮಾಧಾನದ ಸಮಾಲೋಚನೆಯಲ್ಲಿ ಶೇ. 79, ಬರಿಯ ತಿಳಿವಳಿಕೆ ಪಡೆದವರಲ್ಲಿ ಶೇ. 80. ಸಣ್ಣ ಪ್ರಯೋಗ, ಗಂಡಸರೂ ಇದ್ದರು. 2008ರಲ್ಲಿ ಬಂದ ನಕಿವಾಲೆ ಶಿಬಿರದ ವರದಿ ದೊಡ್ಡದು, 277 ಮಂದಿ ರುವಾಂಡಾ, ಸೊಮಾಲಿಯಾದವರು. ಚಿಕಿತ್ಸೆ ಕೊಟ್ಟವರು ಆರು ವಾರ ತರಬೇತಿ ಪಡೆದ ನಿರಾಶ್ರಿತರೇ. ನೆಟ್ ಪಡೆದವರಲ್ಲಿ ಶೇ. 70, ಆಘಾತ ಸಮಾಲೋಚನೆ ಪಡೆದವರಲ್ಲಿ ಶೇ. 65, ಚಿಕಿತ್ಸೆ ಪಡೆಯದೆ ಬರಿಯ ಗಮನಿಕೆಯಲ್ಲಿದ್ದವರಲ್ಲಿ ಶೇ. 37 ಮಂದಿಗೆ ಪಿಟಿಎಸ್‌ಡಿ ಉಳಿದಿರಲಿಲ್ಲ. ಎರಡು ಚಿಕಿತ್ಸೆಗಳ ನಡುವೆ ಅಂತರ ಅಷ್ಟೇನಿಲ್ಲ. ಆದರೆ ನಡುವೆ ಬಿಟ್ಟವರು ನೆಟ್‌ನಲ್ಲಿ ಶೇ. 4, ಇನ್ನೊಂದರಲ್ಲಿ ಶೇ. 21. ಭಯಾನಕ ನೆನಪನ್ನು ಹೇಳಿಸಿದರೆ ಹೆಂಗಸರು ಓಡಿಹೋಗುತ್ತಾರೆ ಎಂಬ ಭಯವನ್ನು ಈ ಅಂಕಿ ಕೊಂಚ ಇಳಿಸಬೇಕು.

ಒಬ್ಬೊಬ್ಬರಿಗೆ ಒಂದೂವರೆ ಗಂಟೆಯಷ್ಟು ಹೊತ್ತು, ಬಾಗಿಲು ಮುಚ್ಚಬಲ್ಲ ಕೋಣೆ, ಎದೆ ಗಟ್ಟಿಯಿರುವ ಕೇಳುಗರು ಇವು ನೆಟ್‌ನ ಬೆಲೆ. ನೂರಾರು ಮಂದಿ ಸಾಲಿನಲ್ಲಿದ್ದರೆ ಮುಟ್ಟುವುದು ಕೆಲವರನ್ನು ಮಾತ್ರ. ಆ ಬರಹದ ಬಗ್ಗೆ ಇನ್ನೊಂದು ಎಚ್ಚರ ಬೇಕು. ಅವಳಿಗೆ ಒಪ್ಪಿಗೆಯಿದ್ದರೆ ಮುಂದೆ ಅದು ಮಾನವ ಹಕ್ಕುಗಳ ಸಾಕ್ಷ್ಯವೂ ಆಗಬಹುದು. ಗಂಡನ ಕೈಗೋ ಗಡಿಯ ಕಾವಲಿನವರ ಕೈಗೋ ಸಿಕ್ಕರೆ ಜೀವಕ್ಕೇ ಅಪಾಯ. ಎಲ್ಲಿಡುವುದು, ಕೊಡಬೇಕೇ ಬೇಡವೇ ಎಂಬುದನ್ನು ಮೊದಲ ದಿನವೇ ಮಾತಾಡಿಕೊಳ್ಳಿ.

ಪಿಇ ಮತ್ತು ಇಎಂಡಿಆರ್: ತರಬೇತಾದವರಿದ್ದರೆ

ಪಿಇ (ಪ್ರೊಲಾಂಗ್ಡ್ ಎಕ್ಸ್‌ಪೋಷರ್) ಎಂಬ ಚಿಕಿತ್ಸೆಯಲ್ಲಿ ಒಂದೇ ಘಟನೆಯನ್ನು ಕಣ್ಣುಮುಚ್ಚಿ ಮತ್ತೆ ಮತ್ತೆ ಹೇಳಿ, ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳಬೇಕು. ಅಮೆರಿಕದ ಸೇನೆಯ ಹಿನ್ನೆಲೆಯ 284 ಮಹಿಳೆಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರಿಂದ ಶೇ. 41 ಮಂದಿ ಪಿಟಿಎಸ್‌ಡಿಯಿಂದ ಹೊರಬಂದರು. ಇವತ್ತಿನ ತೊಂದರೆಗಳನ್ನಷ್ಟೇ ಮಾತಾಡುವ ಚಿಕಿತ್ಸೆಯಲ್ಲಿ ಹೊರಬಂದವರು ಸುಮಾರು ಶೇ. 28. ಆದರೆ ಪಿಇ ಬಿಟ್ಟವರು ಶೇ. 38, ಇನ್ನೊಂದರಲ್ಲಿ ಶೇ. 21. ಡೇರೆಯೊಂದರಲ್ಲಿ ಏಳೆಂಟು ಜನ ಮಲಗುವ ಕಡೆ ಆ ಧ್ವನಿಮುದ್ರಣ ಕೇಳು ಎನ್ನುವುದು ಹೇಗೆ? ಶಿಬಿರಗಳಿಗೆ ನಾನು ಇದನ್ನು ಸೂಚಿಸುವುದಿಲ್ಲ. ಬೇರೆ ದೇಶದಲ್ಲಿ ನೆಲೆ ಸಿಕ್ಕು, ಸ್ವಂತ ಕೋಣೆಯಿದ್ದು, ಒಂದೇ ಘಟನೆ ಕಾಡುತ್ತಿದ್ದರೆ ಒಳ್ಳೆಯ ಆಯ್ಕೆ.

ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಿನಲ್ಲಿ ಹಿಡಿದು ಕಣ್ಣನ್ನು ಅತ್ತಿತ್ತ ಆಡಿಸುತ್ತಾರೆ. ಕಣ್ಣಾಡಿಸುವುದರಿಂದಲೇ ಗುಣವಾಗುತ್ತದೆಯೇ ಎಂಬ ವಾದ ಇನ್ನೂ ನಡೆದಿದೆ, ಚಿಕಿತ್ಸೆಯಿಂದ ಗುಣವಾಗುತ್ತದೆ ಎಂಬುದರಲ್ಲಿ ವಿವಾದ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರ ಪಿಟಿಎಸ್‌ಡಿಗೆ ಇದನ್ನೂ ಶಿಫಾರಸು ಮಾಡುತ್ತದೆ. ತುರ್ಕಿಯ ಕಿಲಿಸ್ ಶಿಬಿರದ ಸಿರಿಯಾ ನಿರಾಶ್ರಿತರಲ್ಲಿ ಏಳು ಭೇಟಿಯೊಳಗೇ ಫಲ ಕಂಡಿತ್ತು. ವಿವರವನ್ನು ಬಾಯಿಬಿಟ್ಟು ಹೇಳಬೇಕಿಲ್ಲ, ಮನೆಪಾಠವಿಲ್ಲ. ಹೇಳಲು ನಾಲಗೆಯೇ ಏಳದವಳಿಗೆ ಇದು ದೊಡ್ಡ ಅನುಕೂಲ. ತರಬೇತಿ ಮಾತ್ರ ದುಬಾರಿ, ಮನೋಚಿಕಿತ್ಸೆಯ ಹಿನ್ನೆಲೆಯವರಿಗೇ ಸಾಮಾನ್ಯವಾಗಿ ಕೊಡುತ್ತಾರೆ.

ಪಿಎಂ ಪ್ಲಸ್, ಸೆಲ್ಫ್ ಹೆಲ್ಪ್ ಪ್ಲಸ್: ಜನ ಬಹಳ, ಕೈ ಕಡಿಮೆ ಇದ್ದಾಗ

ವಿಶ್ವ ಆರೋಗ್ಯ ಸಂಸ್ಥೆಯ ಪಿಎಂ ಪ್ಲಸ್ (ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್) ಐದೇ ಭೇಟಿಯದು. ಉಸಿರಾಟದಿಂದ ಮೈಮನಸ್ಸು ಹದಕ್ಕೆ ತರುವುದು, ಕೈಲಾಗುವ ಒಂದು ಸಮಸ್ಯೆಯನ್ನು ಹಿಡಿದು ಬಿಡಿಸುವುದು, ನಿಂತುಹೋದ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಶುರು ಮಾಡುವುದು, ನಂಬಿಕಸ್ಥರನ್ನು ಹತ್ತಿರ ಮಾಡಿಕೊಳ್ಳುವುದು, ಇಷ್ಟೇ. ಆಘಾತದ ನೆನಪನ್ನು ಮುಟ್ಟುವುದಿಲ್ಲ. ಕೈಪಿಡಿಗೆ ದುಡ್ಡಿಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆ ಸಾಕು. ಸಂಘರ್ಷದಿಂದ ನಲುಗಿದ ಪಾಕಿಸ್ತಾನದ ಸ್ವಾತ್ ಕಣಿವೆಯ 612 ಹೆಂಗಸರಲ್ಲಿ ಗುಂಪಿನ ರೂಪದ ಪಿಎಂ ಪ್ಲಸ್ ಆತಂಕ, ಖಿನ್ನತೆಗಳನ್ನು ಇಳಿಸಿತೆಂದು 2019ರಲ್ಲಿ ವರದಿಯಾಯಿತು. ನೈರೋಬಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ಹಿಂಸೆ ಅನುಭವಿಸಿದ ಮಹಿಳೆಯರಲ್ಲೂ ಅದಕ್ಕೆ ಫಲ ಸಿಕ್ಕಿತ್ತು.

ಸೆಲ್ಫ್ ಹೆಲ್ಪ್ ಪ್ಲಸ್ ಇನ್ನೂ ಹಗುರ. ಇಪ್ಪತ್ತು ಮೂವತ್ತು ಜನ ಕೂತು ಧ್ವನಿಮುದ್ರಿತ ಪಾಠ ಕೇಳಿ, ಚಿತ್ರಗಳ ಪುಸ್ತಕ ಮನೆಗೆ ಒಯ್ಯುತ್ತಾರೆ. ಉಗಾಂಡಾದ ರೈನೋ ಶಿಬಿರದಲ್ಲಿ ದಕ್ಷಿಣ ಸುಡಾನಿನ 694 ಹೆಂಗಸರ ಮೇಲೆ ಪರೀಕ್ಷಿಸಿದಾಗ ಸಂಕಟ ಇಳಿಯಿತು, ಆ ಇಳಿಕೆ ಮೂರು ತಿಂಗಳ ಹೊತ್ತಿಗೂ ಉಳಿದಿತ್ತು, ಆದರೆ ಪ್ರಮಾಣ ಸಣ್ಣದು. ಯಾರೂ ಏನನ್ನೂ ಬಾಯಿಬಿಡಬೇಕಿಲ್ಲವಾದ್ದರಿಂದ ಗುಟ್ಟು ಕಾಯುವ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ.

ಇವನ್ನು ಬಡವರ ಚಿಕಿತ್ಸೆ ಎಂದು ತಳ್ಳಿಹಾಕುವವರನ್ನು ಕಂಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಜಾಗ ಅಲುಗಾಡುತ್ತಿರುವಾಗ, ನಾಳೆ ಎಲ್ಲಿರುತ್ತೇವೋ ಗೊತ್ತಿಲ್ಲದಾಗ ಐದು ವಾರದಲ್ಲಿ ಮುಗಿಯುವ, ಗಾಯ ಕೆದಕದ ಸಹಾಯವೇ ಸರಿಯಾದದ್ದು. ತೀವ್ರ ಪಿಟಿಎಸ್‌ಡಿ ಇರುವವಳನ್ನು ಇದರಲ್ಲೇ ಮುಗಿಸಿ ಕಳಿಸುವುದು ಮಾತ್ರ ತಪ್ಪು. ಐದು ಭೇಟಿಯ ನಂತರವೂ ದುಃಸ್ವಪ್ನ, ಬೆಚ್ಚುವುದು ಹಾಗೇ ಇದ್ದರೆ ನೆಟ್‌ಗೋ ಸಿಪಿಟಿಗೋ ಕಳಿಸುವ ದಾರಿ ತೆರೆದಿರಬೇಕು.

ಐಪಿಟಿ ಮತ್ತು ಊರು ಸೇರಿ ಮಾಡುವ ಆರೈಕೆ

ಸಾವು, ಜಗಳ, ಬದಲಾದ ಬದುಕು, ಒಂಟಿತನ ಈ ನಾಲ್ಕರ ಸುತ್ತ ಐಪಿಟಿ (ಇಂಟರ್‌ಪರ್ಸನಲ್ ಥೆರಪಿ, ಸಂಬಂಧಗಳ ಮೇಲೆ ಗಮನವಿಡುವ ಚಿಕಿತ್ಸೆ) ಕೆಲಸ ಮಾಡುತ್ತದೆ. ದುಃಖವೂ ಖಿನ್ನತೆಯೂ ಮುಂದಿದ್ದಾಗ ಇದು ಹೊಂದುತ್ತದೆ. ಉತ್ತರ ಉಗಾಂಡಾದ ಶಿಬಿರಗಳಲ್ಲಿ ಅಚೋಲಿ ಜನಾಂಗದ ಹದಿಹರೆಯದವರ ಮೇಲೆ ನಡೆದ 2007ರ ಪ್ರಯೋಗದಲ್ಲಿ ಹುಡುಗಿಯರ ಖಿನ್ನತೆ ಚೆನ್ನಾಗಿ ಇಳಿಯಿತು, ಹುಡುಗರದ್ದು ಇಳಿಯಲಿಲ್ಲ. ಹೆಣ್ಣುಮಕ್ಕಳಿಗೆಂದೇ ಕಾರ್ಯಕ್ರಮ ರೂಪಿಸುವವರು ಇದನ್ನು ನೆನಪಿಡಬೇಕು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಟು ಗುಂಪು ಭೇಟಿಗಳ ಕೈಪಿಡಿ ಹೊರತಂದಿದೆ.

ಕೆಲವು ಗಾಯ ಒಬ್ಬಳ ಒಳಗಿಲ್ಲ, ಊರೊಳಗಿದೆ. 1994ರ ನರಮೇಧದ ನಂತರ ರುವಾಂಡಾದಲ್ಲಿ ಕೊಂದವರ ಮನೆಯವರೂ ಬದುಕಿ ಉಳಿದವರೂ ಅಕ್ಕಪಕ್ಕ ಬಾಳಬೇಕಾಯಿತು. ಅಲ್ಲಿನ ಬ್ಯುಂಬಾದಲ್ಲಿ 2005ರಿಂದ ನಡೆದ ಸಮುದಾಯ ಸಮಾಜಚಿಕಿತ್ಸೆಯಲ್ಲಿ ಹತ್ತು ಹದಿನೈದು ಜನ ವಾರಕ್ಕೊಮ್ಮೆಯಂತೆ ಹದಿನೈದು ಸಲ ಕೂರುತ್ತಾರೆ. ಸುರಕ್ಷತೆ, ನಂಬಿಕೆ, ಕಾಳಜಿ, ಗೌರವ ಎಂದು ಹಂತಹಂತವಾಗಿ ಮಾತು ಸಾಗುತ್ತದೆ. ಇರಾಕಿನ ಅಲ್ಪಸಂಖ್ಯಾತ ಯಜೀದಿ ಸಮುದಾಯದ ಹೆಂಗಸರು ಐಸಿಸ್ ಸೆರೆಯಿಂದ ಮರಳಿದಾಗ ಅವರ ಧರ್ಮಗುರು ಬಾಬಾ ಶೇಖ್ ಇವರೆಲ್ಲ ನಮ್ಮವರೇ ಎಂದು ಸಾರಿದರು. ಅವರ ಪುಣ್ಯಕ್ಷೇತ್ರ ಲಾಲಿಷ್‌ನ ಪವಿತ್ರ ಚಿಲುಮೆಯ ನೀರಿನಿಂದ ಅವರನ್ನು ಮತ್ತೆ ಬರಮಾಡಿಕೊಂಡರು. "ಹೊಲಸಾದೆ" ಎಂಬ ಭಾವಕ್ಕೆ ಆ ಕರೆ ಮಾಡಿದ್ದನ್ನು ಯಾವ ಚಿಕಿತ್ಸಕಿಯೂ ಒಬ್ಬಳೇ ಮಾಡಲಾರಳು. ಆದರೂ ಸೆರೆಯಲ್ಲಿ ಹುಟ್ಟಿದ ಮಕ್ಕಳಿಗೆ ಆ ಸಮುದಾಯದಲ್ಲಿ ಜಾಗ ಸಿಗಲಿಲ್ಲ, ಎಷ್ಟೋ ತಾಯಂದಿರು ಮಗುವನ್ನೋ ಊರನ್ನೋ ಬಿಡಬೇಕಾಯಿತು. ಸಮುದಾಯದ ಆರೈಕೆಯನ್ನು ನೆಚ್ಚುವಾಗ ಅದು ಯಾರನ್ನು ಹೊರಗಿಡುತ್ತದೆ ಎಂದೂ ನೋಡಬೇಕು.

ದುಡಿಮೆಯ ಯೋಜನೆ ಚಿಕಿತ್ಸೆಗೆ ಬದಲಾದೀತೇ ಎಂದು ದಾನಿಗಳು ಕೇಳುವುದುಂಟು. ಕಾಂಗೋದಲ್ಲೇ ಹಿಂಸೆಗೆ ಒಳಗಾದ ಹೆಂಗಸರ ಉಳಿತಾಯ ಗುಂಪುಗಳನ್ನು ಪರೀಕ್ಷಿಸಿದರು. ನಮ್ಮ ಸ್ವಸಹಾಯ ಸಂಘಗಳನ್ನು ಹೋಲುವ ಗುಂಪುಗಳವು. ಮನೆಯಲ್ಲಿ ಊಟ ಹೆಚ್ಚಿತು, ಊರಿನವರ ಹೀಯಾಳಿಕೆ ಕಡಿಮೆಯಾಯಿತು, ಮನಸ್ಸಿನ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ಅಂತರ ಬರಲಿಲ್ಲ. ಎರಡೂ ಬೇಕು, ಒಂದಕ್ಕೆ ಇನ್ನೊಂದು ಬದಲಿಯಲ್ಲ.

ಕೊಡುವವರ ಪ್ರಶ್ನೆ

ಇಲ್ಲಿ ಹೇಳಿದ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ತಜ್ಞರಲ್ಲದವರ ಕೈಯಿಂದ. ಕರ್ನಾಟಕದವರಿಗೆ ಇದು ಹೊಸದಾಗಿ ಕಾಣಬಾರದು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟು ತೋರಿಸಿದ ದಾರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋವೈದ್ಯರು ಬರುವವರೆಗೆ ಕಾಯೋಣ ಎನ್ನುವುದು ಶಿಬಿರಗಳಲ್ಲಿ ಯಾರಿಗೂ ಏನೂ ಕೊಡದಿರುವುದಕ್ಕೆ ಸಮ.

ಆದರೆ ಐದು ದಿನದ ಕಾರ್ಯಾಗಾರ ಮಾಡಿಸಿ, ಪ್ರಮಾಣಪತ್ರ ಕೊಟ್ಟು, ಕಾರ್ಯಕರ್ತೆಯನ್ನು ಒಬ್ಬಳೇ ಬಿಡುವುದು ಇನ್ನೂ ಕೆಟ್ಟದ್ದು. ಅವಳೂ ಅದೇ ಯುದ್ಧ ಕಂಡವಳು. ದಿನಕ್ಕೆ ಮೂರು ಕಥೆ ಕೇಳಿದರೆ ರಾತ್ರಿ ಅವಳಿಗೂ ನಿದ್ದೆ ಬಾರದು. ಹಣ ಸಾಲದಿದ್ದರೆ ಕಾರ್ಯಕರ್ತೆಯರ ಸಂಖ್ಯೆ ಕಡಿಮೆ ಮಾಡಿ, ವಾರದ ಮೇಲ್ವಿಚಾರಣೆಯನ್ನು ಕಡಿಮೆ ಮಾಡಬೇಡಿ.

ಹಾಗಾದರೆ ಯಾರಿಗೆ ಯಾವುದು

ನಿಮ್ಮ ಶಿಬಿರಕ್ಕೆ ಜನ ಇನ್ನೂ ಬರುತ್ತಲೇ ಇದ್ದಾರೆ, ಮೂವರು ಕಾರ್ಯಕರ್ತೆಯರಿದ್ದಾರೆ ಎಂದಾದರೆ ಎಲ್ಲರಿಗೂ ಸೆಲ್ಫ್ ಹೆಲ್ಪ್ ಪ್ಲಸ್ ಅಥವಾ ಗುಂಪಿನ ಪಿಎಂ ಪ್ಲಸ್‌ನಿಂದ ತೊಡಗಿ. ಅವರಲ್ಲಿ ಒಬ್ಬಳಿಗಾದರೂ ನೆಟ್ ಕಲಿಸಿ, ತೀವ್ರವಾಗಿ ನರಳುವವರನ್ನು ಅವಳ ಹತ್ತಿರ ಕಳಿಸಿ.

ಊರು ನಿಂತಿದೆ, ಹೆಂಗಸರು ಮನೆಗೆ ಮರಳಿದ್ದಾರೆ, ಅತ್ಯಾಚಾರದ ನಾಚಿಕೆ ಎಲ್ಲರ ಮೇಲೂ ಕವಿದಿದೆ, ಒಬ್ಬರ ಸಂಗತಿ ಇನ್ನೊಬ್ಬರಿಗೆ ಹೇಗೂ ಗೊತ್ತು ಎಂದಾದರೆ ಗುಂಪಿನ ಸಿಪಿಟಿಯನ್ನು ನಾನು ಮೊದಲು ಆರಿಸುತ್ತೇನೆ. ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಮನೆಯಿಂದ ಹೊರಹಾಕುತ್ತಾರೆ ಎಂದಾದರೆ ಗುಂಪು ಬೇಡ. ನೆಟ್, ಅಥವಾ ತರಬೇತಾದವರು ಸಿಕ್ಕರೆ ಇಎಂಡಿಆರ್. ನೆಟ್‌ನ ಬರಹವನ್ನು ಆಗ ಅವಳ ಕೈಗೆ ಕೊಡಬೇಡಿ, ಕೇಂದ್ರದಲ್ಲಿ ಬೀಗ ಹಾಕಿಡಿ ಅಥವಾ ಅವಳ ಇಷ್ಟದಂತೆ ಹರಿದುಹಾಕಿ. ಭಯಕ್ಕಿಂತ ಸಾವಿನ ದುಃಖವೇ ದೊಡ್ಡದಾಗಿರುವ ವಿಧವೆಯರಿಗೆ, ಹುಡುಗಿಯರಿಗೆ ಐಪಿಟಿ.

2015, 2016ರಲ್ಲಿ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಕರೆಸಿಕೊಂಡ ಸುಮಾರು 1,100 ಯಜೀದಿ ಹೆಂಗಸರು, ಮಕ್ಕಳ ಹಾಗೆ ದೂರದೇಶದಲ್ಲಿ ನೆಲೆ ಸಿಕ್ಕವರಿಗೆ ಎಲ್ಲ ಚಿಕಿತ್ಸೆಗಳೂ ಎದುರಿಗಿರುತ್ತವೆ. ಅಲ್ಲಿ ಆಯ್ಕೆಯನ್ನು ತೀರ್ಮಾನಿಸುವುದು ಭಾಷೆ. ದುಭಾಷಿಯ ಮೂಲಕ ಕೊಡುವ ಹೆಸರಾಂತ ಚಿಕಿತ್ಸೆಗಿಂತ ಅವಳ ಭಾಷೆ ಬಲ್ಲವಳು ಕೊಡುವ ಸರಳ ಚಿಕಿತ್ಸೆಯನ್ನು ನಾನು ಮುಂದಿಡುತ್ತೇನೆ. ವಾಸದ ಅನುಮತಿಯ ವಿಚಾರಣೆ ಬಾಕಿಯಿದ್ದರೆ ಅದರ ದಿನಾಂಕ ನೋಡಿಕೊಂಡೇ ನೆನಪಿನ ಕೆಲಸ ಶುರು ಮಾಡಿ, ವಿಚಾರಣೆಯ ಹಿಂದಿನ ವಾರ ಹೊಸ ಕಲ್ಲನ್ನು ಮುಟ್ಟಬೇಡಿ.

ಕೆಲವರು ಇದ್ಯಾವುದೂ ಬೇಡ ಎನ್ನುತ್ತಾರೆ. ಆ "ಬೇಡ" ಅನ್ನು ಒಪ್ಪಿಕೊಳ್ಳಿ, ಹಾಗಂದದ್ದಕ್ಕೆ ಔಷಧ, ಪಡಿತರ, ಕಾನೂನಿನ ನೆರವು ಯಾವುದೂ ಕಡಿತವಾಗದಂತೆ ನೋಡಿಕೊಳ್ಳಿ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದೆ ಎಂದರೆ ಅವತ್ತೇ ವೈದ್ಯರಿಗೆ ತೋರಿಸಿ, ಒಂಟಿಯಾಗಿ ಬಿಡಬೇಡಿ. ಇಲ್ಲವೆಂದರೆ ಯಾವ ವಾರ, ಯಾವ ಜಾಗದಲ್ಲಿ, ಯಾರನ್ನು ಕೇಳಿಕೊಂಡು ಬರಬಹುದೆಂದು ತಿಳಿಸಿ, ಒಂದು ತಿಂಗಳ ನಂತರ ನೀವೇ ಒಮ್ಮೆ ಹೋಗಿ ಮಾತಾಡಿಸಿ.